ಏನು ಬರಲ್ಲ, ಅದನ್ನ ಹೇಳಿ

ಕಳೆದ ಜೂನ್‌ನಲ್ಲಿ ಚಳ್ಳಕೆರೆಗೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮೊಮ್ಮಗಳು ಏಳನೇ ಕ್ಲಾಸು. ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾಳೆ, ಮನೆಗೇ ಬಂದು ಪಾಠ ಹೇಳುವವರನ್ನು ಗೊತ್ತು ಮಾಡಬೇಕು ಅಂತ ಅವಳ ಅಪ್ಪ ಓಡಾಡುತ್ತಿದ್ದ. ಐದು ಜನ ತಮ್ಮ ಪರಿಚಯ ಬರೆದು ಅವನ ಮೊಬೈಲಿಗೆ ಕಳಿಸಿದ್ದರು. "ಮಾವ, ನೀವೇ ಓದಿ ಒಬ್ಬರನ್ನ ಹೇಳಿಬಿಡಿ" ಅಂತ ಮೊಬೈಲು ನನ್ನ ಕೈಗಿಟ್ಟ. ಅಕ್ಕ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅವಳಿಗೂ ಕೇಳಲಿ ಅಂತ ಜೋರಾಗಿಯೇ ಓದಿದೆ.

ಒಬ್ಬರು ಎಂ.ಎಸ್ಸಿ., ಬಿ.ಎಡ್., 11 ವರ್ಷದ ಅನುಭವ. ಸ್ಟೇಟ್ ಸಿಲಬಸ್, ಸಿಬಿಎಸ್‌ಇ ಎರಡೂ ಹೇಳುತ್ತಾರೆ. ಇನ್ನೊಬ್ಬರು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ ವಾಪಸು ಬಂದವರು. ಬಾಯಿಪಾಠ ಮಾಡಿಸುವುದಿಲ್ಲ, ಅರ್ಥ ಮಾಡಿಸಿ ಕಲಿಸುತ್ತೇನೆ ಎಂದು ಬರೆದಿದ್ದರು. ಮತ್ತೊಬ್ಬರು ವಾರಕ್ಕೊಂದು ಟೆಸ್ಟು, ತಿಂಗಳಿಗೊಮ್ಮೆ ತಂದೆತಾಯಿಗೆ ವರದಿ ಕೊಡುತ್ತಾರೆ. ಒಬ್ಬ ಹೆಣ್ಣುಮಗಳು ಡಿಗ್ರಿಯ ಹೆಸರು, ತಾನಿರುವ ಬೀದಿ, ಸಂಜೆ ಬಿಡುವಿರುವ ಹೊತ್ತು, ಇಷ್ಟನ್ನೇ ಬರೆದಿದ್ದಳು. ಇದರಲ್ಲಿ ಯಾವುದೂ ಸುಳ್ಳು ಅಂತ ನನಗೆ ಅನ್ನಿಸಲಿಲ್ಲ. ಓದಿದ ಮಕ್ಕಳು ತಮ್ಮ ವಿಷಯ ತಾವೇ ಅಚ್ಚುಕಟ್ಟಾಗಿ ಹೇಳಿಕೊಂಡಿದ್ದರು.

ಅಕ್ಕ ಎಲ್ಲ ಕೇಳಿ ಕೈ ಒರೆಸಿಕೊಂಡು ಅಂದಳು: "ಏನೇನು ಬರುತ್ತೆ ಅಂತ ಬರದವ್ರೆ. ಏನು ಬರಲ್ಲ ಅಂತ ಒಬ್ಬರೂ ಬರದಿಲ್ವಾ?"

ಅದು ಅವಳ ಮಾತಲ್ಲ, ನಮ್ಮ ಅಪ್ಪನ ಮಾತು. ನಲವತ್ತೈದು ವರ್ಷವಾದ ಮೇಲೆ ಅದನ್ನು ಮತ್ತೆ ಕೇಳಿದೆ.

ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನದು. ಹಿತ್ತಲಿಗೆ ಹೋದರೆ ಬ್ರಹ್ಮಗಿರಿಯ ಬಂಡೆಗಳು ಕಾಣುತ್ತಿದ್ದವು. ನಮ್ಮದು ಮಗ್ಗದ ಮನೆ. ಕುಣಿ ಮಗ್ಗ ಎರಡಿದ್ದವು. ಒಂದರಲ್ಲಿ ಅಪ್ಪ ಕೂರುತ್ತಿದ್ದರು, ಇನ್ನೊಂದಕ್ಕೆ ಕೂಲಿಗೆ ಯಾರಾದರೂ ಬರುತ್ತಿದ್ದರು. ಹೊಸಬ ಕೆಲಸ ಕೇಳಿಕೊಂಡು ಬಂದರೆ ಅಪ್ಪ "ಏನೇನು ನೇಯ್ತೀಯ" ಅಂತ ಕೇಳಿದವರಲ್ಲ. "ಯಾವ ಅಂಚು ನಿನಗೆ ಬರಲ್ಲ, ಅದನ್ನ ಹೇಳಪ್ಪ" ಎನ್ನುತ್ತಿದ್ದರು. ರೇಷ್ಮೆ, ಜರಿ ಎಲ್ಲ ಸಾವುಕಾರರ ಹತ್ತಿರ ಸಾಲಕ್ಕೆ ತಂದದ್ದು. ಎಲ್ಲಾ ಬರುತ್ತೆ ಅಂದವನನ್ನು ಮಗ್ಗಕ್ಕೆ ಇಳಿಸಿ, ಸೆರಗಿಗೆ ಬಂದಾಗ ಅವನು ತಪ್ಪಿದರೆ ಮುಳುಗುವುದು ನಮ್ಮ ಮನೆ. ಇದು ನನಗೆ ಬರಲ್ಲ ಅಂದವನಿಗೆ ಸಾದಾ ಸೀರೆ ಕೊಟ್ಟು, ಉಳಿದದ್ದನ್ನು ಪಕ್ಕದಲ್ಲಿ ಕೂತು ಹೇಳಿಕೊಡಬಹುದು. ಅಪ್ಪನ ಲೆಕ್ಕಾಚಾರ ಅಷ್ಟೇ ಇದ್ದದ್ದು. ಅದನ್ನು ದೊಡ್ಡ ತತ್ವ ಅಂತ ಅವರು ಯಾವತ್ತೂ ತಿಳಿದುಕೊಂಡವರಲ್ಲ.

ನನ್ನನ್ನು ಮನೆಪಾಠಕ್ಕೆ ಹಾಕುವ ಮಾತು ಬಂದದ್ದು 1979ರಲ್ಲಿ. ಆಗ ಎಂಟನೇ ಕ್ಲಾಸಿನಲ್ಲಿದ್ದೆ. ಊರಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರೇ ಹೆಚ್ಚು. ಫೇಲಾಗುವುದು ಲೆಕ್ಕದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಅಕ್ಟೋಬರ್ ಪರೀಕ್ಷೆಗೆ ಕಟ್ಟುವುದು, ಮತ್ತೆ ಹೋಗುವುದು, ಮತ್ತೆ ಕಟ್ಟುವುದು, ಆಮೇಲೆ ಮಗ್ಗ ಹಿಡಿಯುವುದು, ಇಲ್ಲವೇ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಹೋಗುವುದು. ನಾನು ಆ ದಾರಿ ಹಿಡಿಯಬಾರದು ಅಂತ ಅಪ್ಪನಿಗೆ ಇತ್ತು.

ಮೊದಲು ಹಾಕಿದ್ದು ರಿಟೈರಾದ ಒಬ್ಬ ಮೇಷ್ಟ್ರ ಹತ್ತಿರ. ಅವರು ತಮ್ಮ ಪರಿಚಯವನ್ನು ಹೇಳಲೇ ಇಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವರು ಯಾರ ಮಗ, ಯಾರ ಶಿಷ್ಯರು, ಎಲ್ಲೆಲ್ಲಿ ಕೆಲಸ ಮಾಡಿದರು ಅನ್ನುವುದನ್ನೆಲ್ಲ ಊರೇ ಹೇಳಿತು. ಅಪ್ಪ ಕೂಡ ಅವರ ಮುಂದೆ ಕೈಕಟ್ಟಿ ನಿಂತರೇ ಹೊರತು ತಮ್ಮ ಮಾಮೂಲಿನ ಪ್ರಶ್ನೆ ಕೇಳಲಿಲ್ಲ. ಅವರಿಗೆ ಇಂಗ್ಲಿಷ್ ವ್ಯಾಕರಣ ಅಚ್ಚುಕಟ್ಟಾಗಿ ಬರುತ್ತಿತ್ತು. ರೆನ್ ಅಂಡ್ ಮಾರ್ಟಿನ್ ಪುಸ್ತಕದ ಯಾವ ಪುಟದಲ್ಲಿ ಏನಿದೆ ಅಂತ ಕಣ್ಣುಮುಚ್ಚಿ ಹೇಳುತ್ತಿದ್ದರು. ಇವತ್ತು ನಾನು ಇಂಗ್ಲಿಷಿನಲ್ಲಿ ಒಂದು ಅರ್ಜಿ ತಪ್ಪಿಲ್ಲದೆ ಬರೆದರೆ ಅದು ಅವರ ಕೊಡುಗೆ. ಹುಣಸೆ ಬರಲೂ ಅವರ ಕೈಯಲ್ಲೇ ಇರುತ್ತಿತ್ತು. ಬೆಳಗಿನ ಪಾಠಕ್ಕೆ ಮೊದಲು ಬಂದವನಿಗೆ ಏಟಿಲ್ಲ. ಆಮೇಲೆ ಬಂದವರಿಗೆ ಎಷ್ಟನೆಯವನಾಗಿ ಬಂದನೋ ಆ ಲೆಕ್ಕದಲ್ಲಿ ಏಟು ಏರುತ್ತಿತ್ತು.

ಇದು ಅವರೊಬ್ಬರ ಪದ್ಧತಿ ಅಂತ ತಿಳಿದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಧರ್ಮಪಾಲ್ ಅವರ ಪುಸ್ತಕದಲ್ಲಿ ಬಳ್ಳಾರಿ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ 1823ರಲ್ಲಿ ಕೊಟ್ಟ ವರದಿ ಓದಿದಾಗ ಮೈ ಜುಮ್ಮೆಂದಿತು. ಕೂಲಿಮಠಕ್ಕೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಬರೀ ಸೊನ್ನೆ, ಅಲ್ಲಿಂದಾಚೆಗೆ ಬಂದವರಿಗೆ ಒಂದೊಂದೇ ಏಟು ಹೆಚ್ಚು ಎಂದು ಆತ ಬರೆದಿದ್ದಾನೆ. ಆಗಿನ ಬಳ್ಳಾರಿ ಜಿಲ್ಲೆ ಎಂದರೆ ನಮ್ಮ ಬೇಲಿಯಾಚೆ. ನಮಗೆ ಸಂತೆಯ ಊರಾಗಿದ್ದ ರಾಯದುರ್ಗ 1953ರವರೆಗೂ ಅದೇ ಜಿಲ್ಲೆಯಲ್ಲಿತ್ತು. ಕ್ಯಾಂಬೆಲ್ ಎಣಿಸಿದ್ದು 533 ಶಾಲೆ. ಅದರಲ್ಲಿ ಕನ್ನಡದವು 235, ತೆಲುಗಿನವು 226. ಮಕ್ಕಳು 6,641. ಸರ್ಕಾರದ ಸಂಬಳವಿಲ್ಲದೆ, ಮಕ್ಕಳ ಮನೆಯವರು ಕೊಟ್ಟದ್ದರಲ್ಲೇ ಬದುಕಿದ ಅಯ್ಯನೋರು ಬಹಳ. ಇಂದಿನ ಟ್ಯೂಷನ್‌ಗೆ ಅಜ್ಜನನ್ನು ಹುಡುಕುವುದಾದರೆ ಅವರಲ್ಲೇ ಹುಡುಕಬೇಕು. ಆ 6,641ರಲ್ಲಿ ಹೆಣ್ಣುಮಕ್ಕಳು 60. ಈ ಸಂಖ್ಯೆ ಓದಿದಾಗ ನನಗೆ ಅಕ್ಕನ ನೆನಪಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಆ ಮೇಷ್ಟ್ರ ಮನೆಯಲ್ಲಿ ನಾವು ಪಡಸಾಲೆಯಲ್ಲಿ ಕೂರುತ್ತಿದ್ದೆವು. ಕೇರಿಯಿಂದ ಒಬ್ಬ ಹುಡುಗ ಬರುತ್ತಿದ್ದ. ಅವನಿಗೆ ಹೊರಗಿನ ಮೆಟ್ಟಿಲು. ಸ್ಲೇಟನ್ನು ನೆಲದ ಮೇಲಿಟ್ಟು ಹಿಂದೆ ಸರಿಯಬೇಕು, ಮೇಷ್ಟ್ರು ಬಗ್ಗಿ ನೋಡಿ ಸರಿ, ತಪ್ಪು ಹೇಳುತ್ತಿದ್ದರು. ಮಳೆ ಬಂದರೆ ಅವನಿಗೆ ಪಾಠವಿಲ್ಲ. ನಮ್ಮ ಕಡೆ ಮಳೆ ಕಡಿಮೆಯಾದ್ದರಿಂದ ಅದು ಅಪರೂಪ. ಮಗ್ಗಿಯಲ್ಲಿ ನಮ್ಮೆಲ್ಲರಿಗಿಂತ ಅವನೇ ಚುರುಕು. ಎರಡು ತಿಂಗಳಿಗೆ ಬರುವುದನ್ನು ಬಿಟ್ಟ. ಯಾಕೆ ಬಿಟ್ಟ, ಎಲ್ಲಿಗೆ ಹೋದ ಅಂತ ನಾವು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಿಂದಿನ ಕಾಲದ ಗುರುಗಳು ಎಂದು ಯಾರಾದರೂ ಶುರು ಮಾಡಿದಾಗ ನನಗೆ ಆ ಮೆಟ್ಟಿಲು ಕಣ್ಣಿಗೆ ಬರುತ್ತದೆ. ಆ ಮೆಟ್ಟಿಲನ್ನು ಬಿಟ್ಟು ಆ ಮೇಷ್ಟ್ರ ಕತೆ ಹೇಳಿದರೆ ಅರ್ಧವನ್ನೇ ಹೇಳಿದಂತೆ.

ಎರಡನೆಯವರು ರಾಯದುರ್ಗದ ಕಡೆಯ ಹುಡುಗ, ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟವರು. ತೆಲುಗು ಮೀಡಿಯಂನಲ್ಲಿ ಓದಿದ್ದರು. ಅಪ್ಪನ ಪ್ರಶ್ನೆಗೆ "ನನಗೆ ಬರದೇ ಇರೋದು ಯಾವುದೂ ಇಲ್ಲ" ಅಂದರು. ಒಂದೇ ತಿಂಗಳು. ಅವರ ಬಗ್ಗೆ ಹೇಳುವುದಕ್ಕೆ ಇನ್ನೇನೂ ಇಲ್ಲ.

ಮೂರನೆಯವರೇ ನನ್ನ ಮೇಷ್ಟ್ರು. ಅವರು ಮೇಷ್ಟ್ರ ಕೆಲಸದವರಲ್ಲ. ಚಳ್ಳಕೆರೆಯ ಶೇಂಗಾ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಸಂಜೆ ಬಸ್ಸಿಗೆ ನಮ್ಮೂರಿಗೆ ಬಂದು, ಅವರ ಅತ್ತೆ ಮನೆಯಲ್ಲಿ ಉಳಿದು, ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಶಾಯಿಯ ಕಲೆ. ಮೊದಲು ಬಂದ ದಿನ ಮಗ್ಗದ ಪಕ್ಕ ಕಂಬಕ್ಕೆ ಒರಗಿ ನಿಂತಿದ್ದರು. ಅಪ್ಪ ಲಾಳಿ ನಿಲ್ಲಿಸಿ ಕೇಳಿದರು: "ನಿಮಗೆ ಏನು ಬರಲ್ಲ, ಅದನ್ನ ಹೇಳಿ."

ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ರೇಖಾಗಣಿತದ ಪ್ರಮೇಯ ನನಗೆ ಬರಲ್ಲ. ಅಂಕಗಣಿತ, ಬೀಜಗಣಿತ ಬರುತ್ತೆ. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಎರಡು ಸಲ ಫೇಲಾದೆ. ಮೂರನೇ ಸಲ ನಲವತ್ತೆರಡು ಬಂತು. ಇಂಗ್ಲಿಷ್ ಹೇಳಿಕೊಡಲ್ಲ."

"ಸೋಮವಾರದಿಂದ ಬನ್ನಿ" ಅಂದರು ಅಪ್ಪ. ಲಾಳಿ ಮತ್ತೆ ಓಡಿತು. ತಿಂಗಳಿಗೆ ಐದು ರೂಪಾಯಿ, ಸುಗ್ಗಿಯಲ್ಲಿ ಎರಡು ಸೇರು ಶೇಂಗಾ ಅಂತ ಮಾತಾಯಿತು.

ಫೇಲಾದವನು ಪಾಠ ಹೇಳುವುದು ಹೇಗೆ ಅಂತ ಅಮ್ಮನಿಗೆ ಅನುಮಾನ. ಒಂದು ವಾರದಲ್ಲಿ ನನಗೆ ಗೊತ್ತಾಯಿತು. ಮೊದಲಿನ ಮೇಷ್ಟ್ರಿಗೆ ನಾನು ಯಾಕೆ ತಪ್ಪುತ್ತೇನೆ ಅನ್ನುವುದು ತಿಳಿಯುತ್ತಿರಲಿಲ್ಲ. ಅವರು ಎಂದೂ ಅಲ್ಲಿ ತಪ್ಪಿದವರಲ್ಲ. ಈ ಗುಮಾಸ್ತರು ನನ್ನ ಪುಸ್ತಕ ನೋಡಿ, ಉತ್ತರ ನೋಡುವುದಕ್ಕೆ ಮುಂಚೆ, ಬಲಗಡೆ ಅಂಚಿನಲ್ಲಿ ನಾನು ಮಾಡಿದ್ದ ಚಿಲ್ಲರೆ ಗುಣಾಕಾರ ನೋಡುತ್ತಿದ್ದರು. "ಇಲ್ಲಿ ದಶಕ ತಗೊಂಡಿಲ್ಲ ನೋಡು. ನಾನೂ ಇಲ್ಲೇ ಬೀಳ್ತಿದ್ದೆ" ಅನ್ನುತ್ತಿದ್ದರು. ತಪ್ಪಾದ ಲೆಕ್ಕವನ್ನು ಅಳಿಸುವ ಹಾಗಿಲ್ಲ, ಅದರ ಪಕ್ಕದಲ್ಲೇ ಸರಿಯಾದದ್ದನ್ನು ಬರೆಯಬೇಕು. ಮಂಡಿಯ ಖಾತೆ ಪುಸ್ತಕದಲ್ಲಿ ಅಳಿಸುವುದಿಲ್ಲವಂತೆ, ಅಲ್ಲಿಂದ ತಂದ ಅಭ್ಯಾಸ ಅದು. ಹೊಡೆಯುತ್ತಿರಲಿಲ್ಲ. ಹೊಡೆಯಬಾರದು ಅಂತ ಏನೂ ಇರಲಿಲ್ಲ, ಅವರಿಗೆ ಬರಲು ಹಿಡಿಯಲು ಪುರುಸೊತ್ತಿರಲಿಲ್ಲ.

ಒಂದು ಸಂಜೆಯದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಡಸಾಲೆಗೂ ಮಗ್ಗದ ಕೋಣೆಗೂ ನಡುವೆ ಎದೆಮಟ್ಟದ ಅರೆಗೋಡೆ. ಈಚೆ ಕಂದೀಲು ಇಟ್ಟುಕೊಂಡು ನಾನೂ ಮೇಷ್ಟ್ರೂ. ಆಚೆ ಅಕ್ಕ ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಏಳನೇ ಕ್ಲಾಸು ಪಾಸಾದ ಮೇಲೆ ಬಿಡಿಸಿದ್ದರು. ಭಿನ್ನರಾಶಿ ನಡೆಯುತ್ತಿತ್ತು. ಅರ್ಧವನ್ನು ಕಾಲಿನಿಂದ ಭಾಗಿಸು ಅಂದರು. ನಾನು ಹೇಳಿಕೊಟ್ಟಂತೆ ಕಾಲನ್ನು ತಿರುಗಿಸಿ ಗುಣಿಸಿ ಎರಡು ಅಂದೆ. ಸರಿ ಅಂದರು. ರಾಟೆ ನಿಂತಿತು. ಗೋಡೆಯಾಚೆಯಿಂದ ಅಕ್ಕನ ದನಿ: "ಭಾಗ ಮಾಡಿದ ಮೇಲೆ ಕಮ್ಮಿ ಆಗ್ಬೇಕಲ್ವಾ? ಅರ್ಧ ಇದ್ದದ್ದು ಎರಡು ಹೆಂಗಾತು?"

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಉತ್ತರ ಸರಿ ಇತ್ತಲ್ಲ, ಅಷ್ಟು ಸಾಕಾಗಿತ್ತು.

ಮೇಷ್ಟ್ರು ತಕ್ಷಣ ಏನೂ ಹೇಳಲಿಲ್ಲ. ತಲೆ ಕೆರೆದುಕೊಂಡರು. ಆಮೇಲೆ "ಅಳತೆ ಪಾವು ಐತಾ? ಒಂದಿಷ್ಟು ಶೇಂಗಾ ಬೀಜ ತಾರವ್ವ" ಅಂದರು. ಅಕ್ಕ ಅಡುಗೆ ಮನೆಯಿಂದ ಸೇರು, ಪಾವು ಎರಡನ್ನೂ ತಂದಳು. ಹಿತ್ತಾಳೆಯವು, ಅಜ್ಜಿಯ ಕಾಲದವು. ಮೇಷ್ಟ್ರು ಸೇರಿನ ಅರ್ಧದವರೆಗೆ ಬೀಜ ತುಂಬಿದರು. ಬೆರಳಿನಿಂದ ಸಮ ಮಾಡಿ ಕಂದೀಲಿಗೆ ಹಿಡಿದು ತೋರಿಸಿದರು. "ಇದು ಅರ್ಧ ಸೇರು. ಪಾವು ಅಂದ್ರೆ ಕಾಲು ಸೇರು. ಈ ಅರ್ಧದಾಗೆ ಪಾವು ಎಷ್ಟು ಸಲ ತುಂಬ್ತದೆ ನೋಡು." ಒಂದು ಪಾವು ಅಳೆದು ಚಾಪೆ ಮೇಲೆ ಸುರಿದರು. ಇನ್ನೊಂದು ಪಾವು. ಸೇರು ಖಾಲಿ. ನಾಲ್ಕೈದು ಬೀಜ ತಳದಲ್ಲಿ ಉಳಿದವು, ಅಕ್ಕ ಅದನ್ನು ಬಾಯಿಗೆ ಹಾಕಿಕೊಂಡಳು. "ಎರಡು ಸಲ. ಬೀಜ ಜಾಸ್ತಿ ಆಗ್ಲಿಲ್ಲ, ಎಣಿಸಿದ್ದು ಪಾವನ್ನ. ಭಾಗಿಸೋದು ಅಂದ್ರೆ ಹಂಚೋದು ಅಷ್ಟೇ ಅಲ್ಲ, ಅಳೆಯೋದೂ ಹೌದು." ಹಾಗಂದು ನನ್ನ ಕಡೆ ತಿರುಗಿ, "ಮೂರು ವರ್ಷ ತಿರುಗಿಸಿ ಗುಣಿಸಿದೀನಿ ನಾನು. ಇದು ಇವತ್ತು ಗೊತ್ತಾತು" ಅಂದರು.

ಹೊರಡುವಾಗ ಅಪ್ಪನಿಗೆ ಹೇಳಿದರು: ಹುಡುಗೀನೂ ಕೂರಿಸಿ, ದುಡ್ಡು ಬೇಡ. ಅಪ್ಪನ ಹತ್ತಿರ ಉತ್ತರ ಸಿದ್ಧವಾಗಿತ್ತು. ಕಂಡಿಕೆ ನಿಂತರೆ ಮಗ್ಗ ನಿಲ್ಲುತ್ತೆ, ಮಗ್ಗ ನಿಂತರೆ ಇವನ ಫೀಜು ಎಲ್ಲಿಂದ ಬರುತ್ತೆ? ಲೆಕ್ಕದ ಪ್ರಕಾರ ಆ ಉತ್ತರ ಸರಿಯೇ. ಅಕ್ಕ ಗೋಡೆಯಾಚೆಯೇ ಉಳಿದಳು. ಅವಳು ಸುತ್ತಿದ ಕಂಡಿಕೆಯ ಮೇಲೆ ನಾನು ಓದಿದೆ. ಇದನ್ನು ಅವಳ ಮುಂದೆ ಒಮ್ಮೆ ಹೇಳಿದ್ದೇನೆ. ಅವಳು ಮಾತು ತಿರುಗಿಸಿದಳು.

ಆ ಮೇಷ್ಟ್ರನ್ನು ದೇವರು ಮಾಡುವುದೂ ಬೇಡ. ಶೇಂಗಾ ಬರುವ ತಿಂಗಳುಗಳಲ್ಲಿ ಮಂಡಿಯಲ್ಲಿ ರಾತ್ರಿ ಹಗಲು ಕೆಲಸ, ವಾರಗಟ್ಟಲೆ ಬರುತ್ತಲೇ ಇರಲಿಲ್ಲ. ಪ್ರಮೇಯ ಬರಲ್ಲ ಅಂದವರು ಕೊನೆಯವರೆಗೂ ಅದನ್ನು ಕಲಿಯಲೂ ಇಲ್ಲ, ಕಲಿಸಲೂ ಇಲ್ಲ. ಅದಕ್ಕೆ ಬೇರೆಯವರನ್ನು ನೋಡಿ ಅಂತ ಹೇಳಿದ್ದರು. ನೋಡುವಷ್ಟು ನಮ್ಮಲ್ಲಿ ಇರಲಿಲ್ಲ. 1982ರ ಎಸ್ಸೆಸ್ಸೆಲ್ಸಿಯಲ್ಲಿ ಪ್ರಮೇಯದ ಪ್ರಶ್ನೆಗೆ ಹಾಳೆ ಖಾಲಿ ಬಿಟ್ಟು ಬಂದೆ. ಐವತ್ತೊಂದು ಬಂತು. ಪಾಸು.

ಒಂದು ಭಾನುವಾರ ಅವರು ನನ್ನನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ಹಿತ್ತಲಿಂದ ಕಾಣುವ ಬೆಟ್ಟವಾದರೂ ಶಾಸನದ ಕಲ್ಲನ್ನು ನಾನು ನೋಡಿರಲಿಲ್ಲ. ಊರವರ ಬಾಯಲ್ಲಿ ಅದು ಅಕ್ಷರಗುಂಡು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೊಂದು ಇದೆ, ಅದು ಬಳೆಗಾರರ ಗುಂಡು. ಸಿದ್ದಾಪುರದ ಹತ್ತಿರ ಮತ್ತೊಂದು. ಗುಂಡಿನ ಮುಂದೆ ಕೂತು ಮೇಷ್ಟ್ರು ಬಹಳ ಹೊತ್ತು ನೋಡಿದರು. "ಏನು ಬರೆದೈತೆ ಸಾ?" ಅಂದೆ. "ನನಗೆ ಓದಾಕೆ ಬರಲ್ಲ. ಓದಿದವರು ಅವರೆ. ನೀನು ದೊಡ್ಡವನಾಗಿ ಓದಿ ನನಗೆ ಹೇಳು" ಅಂದರು. ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದು ಬಿಸಿಲು ಇಳಿಯುವ ಹೊತ್ತಿಗೆ ವಾಪಸಾದೆವು.

ಓದಿದೆ. ಆದರೆ ಅವರಿಗೆ ಹೇಳುವಷ್ಟರಲ್ಲಿ ಅವರು ಇರಲಿಲ್ಲ. ಹಾಗಾಗಿ ಇಲ್ಲಿ ಹೇಳುತ್ತೇನೆ. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಈ ಶಾಸನ ಕ್ರಿಸ್ತಪೂರ್ವ ಮೂರನೇ ಶತಮಾನದ್ದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಅಶೋಕನ ಮಾತು. ಇಸಿಲ ಎಂದರೆ ಇದೇ ನೆಲ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ್ದು ಇತಿಹಾಸದ ವಿದ್ಯಾರ್ಥಿಗಳಿಗೆ ಪಾಠವೇ ಆಗಿದೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ಕರುಣೆಯಿರಬೇಕು, ಸತ್ಯ ಹೇಳಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು, ಇದು ಹಳೆಯ ರೀತಿ ಎನ್ನುತ್ತದೆ ಶಾಸನದ ಕೊನೆಯ ಭಾಗ. ಗುರುಭಕ್ತಿಯ ಭಾಷಣಗಳಲ್ಲಿ ಈ ಭಾಗವನ್ನೇ ಎತ್ತಿ ಹೇಳುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಮೊದಲ ಸಾಲುಗಳು. ಅಲ್ಲಿ ಅಶೋಕ ತನ್ನ ಪರಿಚಯ ತಾನೇ ಹೇಳುತ್ತಾನೆ. ಎರಡೂವರೆ ವರ್ಷಕ್ಕೂ ಮೇಲಾಯಿತು ಉಪಾಸಕನಾಗಿ, ಆದರೆ ಒಂದು ವರ್ಷ ನಾನು ಹೆಚ್ಚು ಶ್ರಮ ಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲಿನ ವರ್ಷದಲ್ಲಿ ಚೆನ್ನಾಗಿ ಶ್ರಮ ಪಟ್ಟೆ ಎನ್ನುವ ಅರ್ಥದ ಮಾತು. ಆಮೇಲೆ, ಇದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರೂ ಶ್ರಮಪಟ್ಟರೆ ಸಾಧ್ಯ ಅನ್ನುತ್ತಾನೆ. ದೇಶವನ್ನೇ ಆಳುವವನು ತಾನು ಹೇಳಿಕೊಡಲು ಹೊರಟ ವಿಷಯದಲ್ಲೇ ತಾನು ಒಂದು ವರ್ಷ ಹಿಂದುಳಿದಿದ್ದೆ ಅಂತ ಕಲ್ಲಿನ ಮೇಲೆ ಬರೆಸಿದ್ದಾನೆ. ಎರಡು ಸಲ ಫೇಲಾದೆ ಅಂತ ಮಗ್ಗದ ಕಂಬಕ್ಕೊರಗಿ ಹೇಳಿದ ಗುಮಾಸ್ತರಿಗೆ ಆ ಅಕ್ಷರ ಓದಲು ಬಂದಿದ್ದರೆ ಎಷ್ಟು ಸಂತೋಷ ಪಡುತ್ತಿದ್ದರೋ.

ಕೊನೆಯಲ್ಲಿ ಅದನ್ನು ಬರೆದವನ ಹೆಸರೂ ಇದೆ. ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಬರೆಯುವ, ಗಾಂಧಾರದ ಕಡೆಯ ಲಿಪಿ. ಎಲ್ಲಿ ಕಲಿತವನು, ಏನು ಬಲ್ಲವನು ಎನ್ನುವುದಕ್ಕೆ ಅವನು ಬಿಟ್ಟುಹೋದದ್ದು ಆ ಒಂದು ಪದ.

ನಮ್ಮ ಸೀಮೆಯಲ್ಲಿ ಮೇಷ್ಟ್ರುಗಳಿಗೆ ಬರವಿಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರು. ಅವರು ತಮ್ಮ ಬಗ್ಗೆ ಹೇಳಿಕೊಂಡವರಲ್ಲ. 'ಶ್ರೀ ರಾಮಾಯಣ ದರ್ಶನಂ' ತೆರೆದ ಪ್ರತಿಯೊಬ್ಬರಿಗೂ ಅವರ ಪರಿಚಯವಾಗುವುದು ಶಿಷ್ಯ ಕುವೆಂಪು ಅದನ್ನು ಅವರಿಗೆ ಅರ್ಪಿಸಿದ್ದರಿಂದ. ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಜೀವಮಾನವೆಲ್ಲ ಮೇಷ್ಟ್ರು, ತಮ್ಮೂರಲ್ಲೇ ಶಾಲೆ ಕಟ್ಟಿದವರು. 'ಯೇಗ್ದಾಗೆಲ್ಲಾ ಐತೆ' ಪುಸ್ತಕದಲ್ಲಿ ಅವರು ಬರೆದದ್ದು ತಾವು ಯಾರ ಮುಂದೆ ಕೂತು ಕೇಳಿದರೋ ಆ ಮುಕುಂದೂರು ಸ್ವಾಮಿಗಳ ವಿಷಯ. ಆದರೆ ಇಂಥವರ ಹೆಸರು ಹೇಳಿ ಇಂದಿನ ಮಕ್ಕಳನ್ನು ಚಿಕ್ಕವರನ್ನಾಗಿ ಮಾಡುವುದು ನನಗೆ ಸರಿಕಾಣದು. ವೆಂಕಣ್ಣಯ್ಯನವರಿಗೆ ಸಂಬಳವಿತ್ತು. ಮನೆ ಮನೆಗೆ ಹೋಗಿ ಪಾಠ ಹೇಳುವವರಿಗೆ ಮುಂದಿನ ತಿಂಗಳಿನದು ಮುಂದಿನ ತಿಂಗಳೇ ಗೊತ್ತಾಗುವುದು. ತಮ್ಮ ಬಗ್ಗೆ ತಾವೇ ಹೇಳಿಕೊಳ್ಳದೆ ಅವರಿಗೆ ಬೇರೆ ದಾರಿಯಿಲ್ಲ.

ಬದಲಾದದ್ದರಲ್ಲಿ ಒಳ್ಳೆಯದು ಬಹಳ ಇದೆ. ಆ ಪರಿಚಯಗಳಲ್ಲಿ ಯಾರೂ ಜಾತಿ ಬರೆದಿರಲಿಲ್ಲ, ಅಕ್ಕನ ಮಗನೂ ಕೇಳಲಿಲ್ಲ. ಐವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅದೇ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲೆಯ ಮೇಷ್ಟ್ರು ಖಾಸಗಿ ಪಾಠ ಮಾಡುವಂತಿಲ್ಲ. ನಮ್ಮ ಕಾಲದಲ್ಲಿ ಕ್ಲಾಸಿನಲ್ಲಿ ಅರ್ಧ ಹೇಳಿ, ಉಳಿದದ್ದಕ್ಕೆ ಸಂಜೆ ಮನೆಗೆ ಬಾ ಅನ್ನುವವರಿದ್ದರು. ಹೋಗದವರ ಉತ್ತರ ಪತ್ರಿಕೆಗೆ ಕೆಂಪು ಶಾಯಿ ಜಾಸ್ತಿ ಬೀಳುತ್ತಿತ್ತು. ಕೋಚಿಂಗ್ ಸೆಂಟರ್‌ಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಕಲಿಸುವವರು ಕನಿಷ್ಠ ಪದವೀಧರರಾಗಿರಬೇಕು, ಅವರ ವಿದ್ಯಾರ್ಹತೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು, ಇಷ್ಟೇ ಅಂಕ ತೆಗೆಸುತ್ತೇವೆ ಎಂದು ಆಶ್ವಾಸನೆ ಕೊಡಬಾರದು ಎಂದಿದೆ. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳುವಂತೆಯೂ ಇಲ್ಲ. ಮನೆಗೆ ಬಂದು ಒಬ್ಬಿಬ್ಬರಿಗೆ ಹೇಳಿಕೊಡುವವರಿಗೆ ಇದು ಅನ್ವಯಿಸುವುದಿಲ್ಲ. ಅನ್ವಯಿಸಿದ್ದರೆ ನನ್ನ ಮೇಷ್ಟ್ರಿಗೆ ಬಾಗಿಲಿಂದಲೇ ಬೀಳ್ಕೊಡುಗೆ. ಹಾಗಂತ ಆ ನಿಯಮ ತಪ್ಪು ಅಂತ ನಾನು ಹೇಳಲಾರೆ. ರಾಯದುರ್ಗದ ಕಡೆಯ ಆ ಹುಡುಗನಂಥವರನ್ನು ತಡೆಯಲು ಇನ್ನೇನು ಮಾಡಬೇಕು?

ನನಗಿರುವ ಸಂಕಟ ಅಂಕಗಳದ್ದು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೆ ಮೊದಲು, ಶೇ. 96.80. ನಾವೆಲ್ಲ ಹೆಮ್ಮೆಪಟ್ಟೆವು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಸೇರಿಸಿ. ಮೊದಲ ಸ್ಥಾನ ಉಡುಪಿಗೆ ಹೋಯಿತು, ನಾವು ಎಲ್ಲೋ ಕೆಳಗೆ. ಮಕ್ಕಳಿಗೆ ಎಷ್ಟು ಬರುತ್ತದೆ ಅಂತ ನಮಗೇ ಗೊತ್ತಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಬರುವುದಿಲ್ಲ ಅನ್ನುವುದನ್ನು ಮುಚ್ಚಿಟ್ಟುಕೊಂಡು ಬಂದ ವರ್ಷಗಳಿಗೆ ಬೆಲೆ ಕೊಟ್ಟವರು ಮಕ್ಕಳು.

ಅಕ್ಕನ ಒತ್ತಾಯಕ್ಕೆ ಡೆಮೊ ಕ್ಲಾಸಿಗೆ ಕರೆಸಿದ್ದು ಆ ಹೆಣ್ಣುಮಗಳನ್ನು, ಡಿಗ್ರಿ, ಬೀದಿ, ಹೊತ್ತು ಮಾತ್ರ ಬರೆದಿದ್ದವಳನ್ನು. ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸು. ಸ್ಕೂಟಿ ನಿಲ್ಲಿಸಿ ಒಳಗೆ ಬಂದು ನೀರು ಕೇಳಿ ಕುಡಿದಳು. ಅಕ್ಕ ಕಾಫಿ ಕೊಟ್ಟು ಪಕ್ಕದಲ್ಲೇ ಕೂತು ಕೇಳಿದಳು: "ನಿನಗೆ ಏನು ಬರಲ್ಲ ಹೇಳವ್ವ."

ಹುಡುಗಿ ನನ್ನ ಮುಖ ನೋಡಿದಳು, ಇದು ಪರೀಕ್ಷೆಯೋ ಏನೋ ಅಂತ. ಆಮೇಲೆ ಹೇಳಿದಳು: "ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇಂಗ್ಲಿಷಲ್ಲೇ ವಿವರಿಸೋದು ಕಷ್ಟ ಆಗುತ್ತೆ ಅಜ್ಜಿ. ನಾನು ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಲೆಕ್ಕ ಕನ್ನಡದಲ್ಲಿ ಹೇಳಿಕೊಟ್ಟು, ಪದಗಳನ್ನ ಮಾತ್ರ ಇಂಗ್ಲಿಷಲ್ಲಿ ಬರೆಸ್ತೀನಿ. ಬೇಡ ಅನ್ನೋರು ಇದ್ದಾರೆ."

"ಇಲ್ಲಿ ಯಾರೂ ಬೇಡ ಅನ್ನಲ್ಲ" ಅಂದಳು ಅಕ್ಕ.

ಪಾಠ ಶುರುವಾಯಿತು. ಭಿನ್ನರಾಶಿ. ಏಳನೇ ಕ್ಲಾಸಿಗೆ ಇನ್ನೇನು ಇರುತ್ತದೆ! ಅರ್ಧ ಭಾಗಿಸು ಕಾಲು ಅಂತ ಬರೆದುಕೊಟ್ಟಳು. ಮೊಮ್ಮಗಳು ತಿರುಗಿಸಿದಳು, ಗುಣಿಸಿದಳು, ಎರಡು ಅಂದಳು. "ವೆರಿ ಗುಡ್" ಅಂದಳು ಹುಡುಗಿ. ನಾನು ಅಕ್ಕನ ಕಡೆ ನೋಡಿದೆ. ಅಕ್ಕ ನನ್ನ ಕಡೆ ನೋಡಲಿಲ್ಲ.

"ಯಾಕೆ ಜಾಸ್ತಿ ಆತು?" ಅಂದಳು ಮೊಮ್ಮಗಳಿಗೆ. "ಅರ್ಧ ಇತ್ತು, ಭಾಗ ಮಾಡಿದೆ, ಎರಡಾತು. ಯಾಕೆ?"

ಮಗು ಪುಸ್ತಕ ನೋಡಿತು. ಹುಡುಗಿಯೂ ಒಂದು ಗಳಿಗೆ ಸುಮ್ಮನಾದಳು. "ತಿರುಗಿಸಿ ಗುಣಿಸೋದು ನಿಯಮ ಅಜ್ಜಿ... ಯಾಕೆ ಅಂದ್ರೆ..." ಅಂತ ಶುರು ಮಾಡಿ, ಪೆನ್ನಿನ ತುದಿಯನ್ನು ಹಾಳೆಯ ಮೇಲೆ ಒತ್ತಿ ಹಿಡಿದು, "ನನಗೆ ಯಾರೂ ಹೇಳಿಕೊಟ್ಟಿಲ್ಲ" ಅಂದಳು.

ಅಕ್ಕ ಮಂಡಿ ಹಿಡಿದುಕೊಂಡು ಎದ್ದಳು. ಅಡುಗೆ ಮನೆಯಿಂದ ಸೇರು, ಪಾವು ತಂದಳು. ಅವೇ ಹಿತ್ತಾಳೆಯವು, ಮದುವೆಯಲ್ಲಿ ತವರಿಂದ ತಂದುಕೊಂಡವು, ಪಾವಿನ ಅಂಚು ಒಂದು ಕಡೆ ಸೊಟ್ಟಗಾಗಿದೆ. ಶೇಂಗಾ ಇರಲಿಲ್ಲ, ಅಕ್ಕಿ ತಂದಳು. ಸೇರಿಗೆ ಅರ್ಧ ಅಕ್ಕಿ ಹಾಕಿ ಬೆರಳಿಂದ ಸಮ ಮಾಡಿದಳು. "ಅಳಿ" ಅಂತ ಪಾವನ್ನು ಮೊಮ್ಮಗಳ ಕೈಗೆ ಕೊಟ್ಟಳು. ಮೊಮ್ಮಗಳು ಒಂದು ಪಾವು ಅಳೆದು ತಟ್ಟೆಗೆ ಸುರಿದಳು. ಇನ್ನೊಂದು. "ಎರಡು ಸಲ" ಅಂದಳು, ಮತ್ತೆ ತಾನೇ ಖಾಲಿ ಸೇರಿನೊಳಗೆ ಇಣುಕಿ ನೋಡಿದಳು.

ಹುಡುಗಿ ತಟ್ಟೆಯ ಅಕ್ಕಿಯನ್ನು ಮತ್ತೆ ಸೇರಿಗೆ ಸುರಿದು, ತಾನೂ ಒಮ್ಮೆ ಅಳೆದಳು. ಒಂದು. ಎರಡು. ಆಮೇಲೆ ಮುಕ್ಕಾಲು ಸೇರು ಮಾಡಿ ಅಳೆದಳು. ಮೂರು. ನೋಟು ಪುಸ್ತಕದಲ್ಲಿ ಏನೋ ಬರೆದುಕೊಂಡಳು.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳಿದಳು: "ಅಜ್ಜಿ, ಇದನ್ನ ಎರಡು ದಿನ ತಗೊಂಡು ಹೋಗ್ಲಾ? ನಾಳೆ ಗಾಂಧಿನಗರದಲ್ಲಿ ಇಬ್ಬರು ಮಕ್ಕಳಿದ್ದಾರೆ, ಅವರಿಗೂ ಇದೇ ಪಾಠ."

ಅಕ್ಕ ಪಾವನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ಸೋಮವಾರ ಬರ್ತಾ ತಂದುಬಿಡು. ನಮ್ಮನೆಯಾಗೆ ಅಕ್ಕಿ ಅಳೆಯೋದು ಅದರಾಗೇ."